ದಾರಿಯನ್ನು ಬೇಡುವ ಪ್ರಾರ್ಥನೆ

ದೇವರನ್ನು ಬೇಡುವುದರಲ್ಲಿ ಎರಡು ಬಗೆಗಳುಂಟು. ಒಂದು, ವಸ್ತುವನ್ನು ಬೇಡುವುದು. ಇನ್ನೊಂದು, ದಾರಿಯನ್ನು ಬೇಡುವುದು. ಮಳೆ ಬರಲಿ, ರೋಗ ವಾಸಿಯಾಗಲಿ, ಮಗನಿಗೆ ಉದ್ಯೋಗ ದೊರೆಯಲಿ ಎಂಬುದು ಮೊದಲನೆಯದು. ನಾನೇನು ಮಾಡಲಿ, ಎತ್ತ ಹೋಗಲಿ, ತಿಳಿಸು ಎಂಬುದು ಎರಡನೆಯದು. ಮೊದಲನೆಯದರಲ್ಲಿ ದೇವರು ಕೊಡತಕ್ಕವನು, ನಾವು ತೆಗೆದುಕೊಳ್ಳತಕ್ಕವರು. ಎರಡನೆಯದರಲ್ಲಾದರೋ ಉತ್ತರ ಬಂದ ಮೇಲೆ ನಡೆಯಬೇಕಾದವರು ನಾವೇ. ಆದಕಾರಣವೇ ಮೊದಲನೆಯದನ್ನು ಬೇಡುವವರು ಬಹು ಮಂದಿ. ಎರಡನೆಯದನ್ನು ಮನಃಪೂರ್ವಕವಾಗಿ ಬೇಡುವವರು ವಿರಳ.

ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವನಿಗೆ ಈ ಎರಡನೆಯ ಬಗೆಯು ಅಪರಿಚಿತವಲ್ಲ. ಗಾಯತ್ರಿಯಲ್ಲಿ ಋಷಿಯು ಧನವನ್ನು ಕೇಳಲಿಲ್ಲ, ಆಯುಸ್ಸನ್ನೂ ಕೇಳಲಿಲ್ಲ. ನಮ್ಮ ಬುದ್ಧಿಯನ್ನು ಪ್ರೇರಿಸೆಂದು ಸವಿತೃದೇವನನ್ನು ಕೇಳಿದನು. ಈಶಾವಾಸ್ಯದ ಕಡೆಯಲ್ಲಿ ಅಗ್ನಿಯನ್ನು ಸನ್ಮಾರ್ಗದಲ್ಲಿ ನಡೆಸೆಂದು ಬೇಡಿದೆ. ಎರಡು ಸೇನೆಗಳ ನಡುವೆ ಕೈಸೋತು ಕುಳಿತ ಅರ್ಜುನನು ಕೇಳಿದ್ದು ಜಯವನ್ನಲ್ಲ, ತನಗೆ ಶ್ರೇಯಸ್ಸು ಯಾವುದೆಂಬುದನ್ನು. ಇವೆಲ್ಲ ನಮಗೆ ಬಾಲ್ಯದಲ್ಲಿಯೇ ಕಂಠಸ್ಥವಾದವು. ಆದರೆ ಕಂಠದಲ್ಲಿರುವ ಮಾತು ನಿತ್ಯಜೀವನದ ಕವಲುದಾರಿಯಲ್ಲಿ ಹೇಗೆ ಉಪಯೋಗಕ್ಕೆ ಬರುವುದೆಂಬುದನ್ನು ನಾನು ಸಮೀಪದಿಂದ ಕಂಡದ್ದು ನಮ್ಮ ಪ್ರಾಂತದ ಕೆಲವು ಕ್ರೈಸ್ತ ಕುಟುಂಬಗಳಲ್ಲಿ. ದೇವದುರ್ಗದಲ್ಲಿಯೂ ಮಾನ್ವಿಯಲ್ಲಿಯೂ ಅನೇಕ ವರ್ಷ ಮಕ್ಕಳಿಗೆ ಪಾಠ ಹೇಳಿ, ಈಗ ರಾಯಚೂರಿನಲ್ಲಿ ನೆಲೆಸಿರುವ ನನಗೆ ಆ ಸಮಾಜದ ಸಹೋದ್ಯೋಗಿಗಳೂ ಶಿಷ್ಯರೂ ನೆರೆಯವರೂ ಇದ್ದಾರೆ. ಅವರ ಮನೆಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದುಂಟು: “ದೇವರ ಚಿತ್ತ ಏನೆಂದು ಪ್ರಾರ್ಥನೆ ಮಾಡಿ ನೋಡುತ್ತೇವೆ.” ಹೊಲದ ವಿಷಯಕ್ಕೂ ಮದುವೆಯ ವಿಷಯಕ್ಕೂ ವರ್ಗಾವಣೆಯ ವಿಷಯಕ್ಕೂ ಇದೇ ಮಾತು. ಹೀಗೆಂದರೆ ಅವರು ಮಾಡುವುದೇನು, ಅವರಿಗೆ ತಿಳಿಯುವುದಾದರೂ ಹೇಗೆ ಎಂಬುದೇ ಈ ಲೇಖನದ ವಿಚಾರ.

ಕ್ರಿಸ್ತಮತವು ನಮ್ಮ ಜಿಲ್ಲೆಗೆ ನಿನ್ನೆ ಮೊನ್ನೆ ಬಂದುದಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೂ ಕಥೋಲಿಕ ಕ್ರೈಸ್ತರು ನೆಲೆಸಿದ್ದಾರೆ. ಇಗ್ನೇಷಿಯಸ್ ಲೊಯೋಲಾ ಎಂಬ ಸ್ಪೇನ್ ದೇಶದ ಸಂತನು ಸ್ಥಾಪಿಸಿದ ಯೇಸುಸಂಘದ ಪಾದ್ರಿಗಳು ಈಗ ಮಾನ್ವಿಯಲ್ಲಿ ವಿದ್ಯಾಸಂಸ್ಥೆಗಳನ್ನು ನಡೆಸುತ್ತಿದ್ದಾರೆ. ರಾಯಚೂರಿನಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮೆಥೋಡಿಸ್ಟ್ ಸಭೆಯವರಿದ್ದಾರೆ. ಇವರ ಮೂಲಗುರು ಇಂಗ್ಲೆಂಡಿನ ಜಾನ್ ವೆಸ್ಲಿ. ನೆರೆಯ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಸುಮಾರು ಎರಡು ದಶಕಗಳನ್ನು ಕಳೆದರು. ಈ ಜನರು ಪ್ರಾರ್ಥಿಸುವುದು ತಮ್ಮ ಮನೆಮಾತಿನಲ್ಲಿ. ಮಂತ್ರವನ್ನು ಸಂಸ್ಕೃತದಲ್ಲಿ ಕಲಿತ ನನಗೆ ಇದು ಮೊದಮೊದಲು ವಿಚಿತ್ರವಾಗಿ ತೋರುತ್ತಿತ್ತು. ಸಂತೆಯಲ್ಲಿ ಆಡುವ ನುಡಿಯಲ್ಲಿಯೇ, ಮನೆಯ ಹಿರಿಯರ ಮುಂದೆ ಕಷ್ಟವನ್ನು ತೋಡಿಕೊಳ್ಳುವ ರೀತಿಯಲ್ಲಿ, ಅವರು ದೇವರೊಡನೆ ಮಾತನಾಡುವರು. ಕಷ್ಟವನ್ನು ತನ್ನ ನುಡಿಯಲ್ಲಿ ಹೇಳಬೇಕಾದವನು ಮೊದಲು ಆ ಕಷ್ಟವೇನೆಂದು ತಾನು ತಿಳಿದುಕೊಳ್ಳಬೇಕಾಗುತ್ತದೆ ಎಂಬುದು ನನಗೆ ಕ್ರಮೇಣ ಮನವರಿಕೆಯಾಯಿತು.

ದಾರಿಯನ್ನು ಕೇಳುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಎಲ್ಲ ಜಾತಿಗಳಲ್ಲಿಯೂ ಉಂಟು. ದೇವರ ಮೂರ್ತಿಗೆ ಹೂವೇರಿಸಿ ಅಪ್ಪಣೆ ಕೇಳುವರು. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಕೂಡದು. ಹಲ್ಲಿಯ ನುಡಿಯನ್ನು ಕೇಳುವರು; ಶಕುನವನ್ನು ನೋಡುವರು. ನಾನು ಸಂಸ್ಕೃತ ಬಲ್ಲವನೆಂಬ ಕಾರಣದಿಂದ ದೇವದುರ್ಗದಲ್ಲಿ ಎಷ್ಟೋ ಮಂದಿ ತಂದೆತಾಯಿಗಳು ಪಂಚಾಂಗ ಹಿಡಿದು ನನ್ನಲ್ಲಿಗೆ ಬರುತ್ತಿದ್ದರು. ಮಗಳನ್ನು ಮುಂದೆ ಓದಿಸಬಹುದೇ, ಹೊಲವನ್ನು ಮಾರಬಹುದೇ, ಅಣ್ಣತಮ್ಮಂದಿರು ಬೇರೆಯಾಗಬಹುದೇ ಎಂದು ಕೇಳುತ್ತಿದ್ದರು. ಪಂಚಾಂಗದಲ್ಲಿ ತಿಥಿಯುಂಟು, ನಕ್ಷತ್ರವುಂಟು. ಮಗಳ ವಿದ್ಯೆಗೆ ಅದರಲ್ಲಿ ಉತ್ತರವೆಲ್ಲಿಂದ ಬರಬೇಕು? ಅವರಿಗೆ ಬೇಕಾಗಿದ್ದುದು ದಿನವಲ್ಲ. ನಿರ್ಧಾರದ ಭಾರವು ತಮ್ಮ ತಲೆಯಿಂದ ಇಳಿದು ಇನ್ನೊಂದರ ಮೇಲೆ ಬಿದ್ದರೆ ಸಾಕಾಗಿತ್ತು. ನಾಳೆ ಕೆಟ್ಟದಾದರೆ, “ಶಾಸ್ತ್ರ ಕೇಳಿಯೇ ಮಾಡಿದೆವು” ಎನ್ನಬಹುದು. ಇದು ಮನುಷ್ಯಸ್ವಭಾವ, ಇದನ್ನು ಹಳಿದು ಫಲವಿಲ್ಲ.

ಕ್ರೈಸ್ತರ ಶಾಸ್ತ್ರದಲ್ಲಿಯೂ ಇದಕ್ಕೆ ಸಮಾನವಾದ ಸಂಗತಿಗಳಿವೆ. ಗಿದ್ಯೋನನೆಂಬ ವೀರನು ಯುದ್ಧಕ್ಕೆ ಹೊರಡುವ ಮೊದಲು ಕಣದಲ್ಲಿ ಕುರಿಯ ತುಪ್ಪಟವನ್ನು ಹರಡಿ, ಅದು ಮಾತ್ರ ಮಂಜಿನಿಂದ ನೆನೆದು ಸುತ್ತಲಿನ ನೆಲ ಒಣಗಿರಬೇಕೆಂದೂ, ಮರುದಿನ ಅದಕ್ಕೆ ವಿಪರೀತವಾಗಬೇಕೆಂದೂ ದೇವರಲ್ಲಿ ಗುರುತು ಕೇಳಿದನು. ಯೇಸುಸ್ವಾಮಿಗೆ ದ್ರೋಹ ಬಗೆದ ಯೂದನ ಸ್ಥಾನಕ್ಕೆ ಮತ್ತೊಬ್ಬನನ್ನು ಆರಿಸುವಾಗ ಶಿಷ್ಯರು ಚೀಟಿ ಹಾಕಿದರು. ಆದರೆ ಆ ಬಳಿಕ ಪವಿತ್ರಾತ್ಮವು ಅವರ ಮೇಲೆ ಇಳಿದಿತೆಂದು ಅದೇ ಗ್ರಂಥವು ಹೇಳುವುದು. ಅಲ್ಲಿಂದ ಮುಂದೆ ಅವರು ಚೀಟಿ ಹಾಕಿದ ಪ್ರಸಂಗವೇ ಅದರಲ್ಲಿ ಬರುವುದಿಲ್ಲ. ದೇವರ ಪ್ರೇರಣೆಯು ಒಳಗಿರುವಾಗ ಹೊರಗಿನ ಚೀಟಿಯೇಕೆಂದು ಕೆಲವು ವ್ಯಾಖ್ಯಾನಕಾರರು ಇದಕ್ಕೆ ಅರ್ಥ ಹೇಳುವರು. ಅಂತರ್ಯಾಮಿಯೆಂಬ ಮಾತನ್ನು ಕೇಳಿ ಬೆಳೆದ ನಮಗೆ ಈ ವ್ಯಾಖ್ಯಾನವು ಸುಲಭವಾಗಿ ತಿಳಿಯುತ್ತದೆ.

ಇಲ್ಲಿ ಕುತೂಹಲದ ವಿಷಯವೊಂದಿದೆ. ನಮ್ಮ ಜಿಲ್ಲೆಯ ಎರಡು ಕ್ರೈಸ್ತ ಪರಂಪರೆಗಳ ಗುರುಗಳೂ, ಅಂದರೆ ಲೊಯೋಲಾ ಮತ್ತು ವೆಸ್ಲಿ ಇಬ್ಬರೂ, ಒಂದೊಂದು ಸಲ ತಮ್ಮ ನಿರ್ಧಾರವನ್ನು ಹೊರಗಿನ ಗುರುತಿಗೆ ಒಪ್ಪಿಸಿದವರೇ.

ಇಗ್ನೇಷಿಯಸನು ಮೊದಲು ಯೋಧನಾಗಿದ್ದನು. 1521ರಲ್ಲಿ ಪಾಂಪ್ಲೋನಾದ ಕೋಟೆಯ ಕಾಳಗದಲ್ಲಿ ತೋಪಿನ ಗುಂಡು ತಗಲಿ ಕಾಲು ಮುರಿಯಿತು. ಮರುವರ್ಷ ಹೇಸರಗತ್ತೆಯನ್ನೇರಿ ಮಾಂಟ್ಸೆರಾಟ್ ಎಂಬ ಕ್ಷೇತ್ರಕ್ಕೆ ಯಾತ್ರೆ ಹೊರಟಿದ್ದಾಗ ದಾರಿಯಲ್ಲಿ ಮೂರ್ ಜಾತಿಯ ಒಬ್ಬ ಮುಸಲ್ಮಾನನು ಜೊತೆಯಾದನು. ಮಾತೆ ಮರಿಯಳ ಕನ್ಯಾತ್ವದ ವಿಷಯವಾಗಿ ಇಬ್ಬರಿಗೂ ವಾದ ಬೆಳೆಯಿತು. ಮೂರನು ಬೇಗಬೇಗನೆ ಮುಂದೆ ಹೊರಟುಹೋದನು. ತನ್ನ ಆರಾಧ್ಯಳ ಮಾನವನ್ನು ತಾನು ಕಾಯಲಿಲ್ಲವೆಂದು ಇಗ್ನೇಷಿಯಸನ ಮನಸ್ಸು ಕುದಿಯತೊಡಗಿತು. ಬೆನ್ನಟ್ಟಿ ಹೋಗಿ ಕಠಾರಿಯಿಂದ ತಿವಿಯಲೇ, ಬಿಟ್ಟುಬಿಡಲೇ ಎಂದು ಬಹಳ ಯೋಚಿಸಿದರೂ ನಿಶ್ಚಯವಾಗಲಿಲ್ಲ. ಕವಲಿನಲ್ಲಿ ಹಗ್ಗವನ್ನು ಸಡಿಲ ಬಿಟ್ಟನು. ಮೂರನು ಹೋದ ಊರಿನ ದಾರಿಯನ್ನು ಪ್ರಾಣಿಯು ಹಿಡಿದರೆ ತಿವಿಯುವುದು, ಹೆದ್ದಾರಿಯನ್ನು ಹಿಡಿದರೆ ಬಿಡುವುದು ಎಂದು ನಿಷ್ಕರ್ಷೆ. ಊರಿನ ದಾರಿಯು ಅಗಲವಾಗಿ ಚೆನ್ನಾಗಿತ್ತು. ಆದರೂ ಹೇಸರಗತ್ತೆಯು ಹೆದ್ದಾರಿಯನ್ನೇ ಹಿಡಿಯಿತು. ಹೀಗೆ ಒಬ್ಬನ ಪ್ರಾಣ ಉಳಿಯಿತು, ಇನ್ನೊಬ್ಬನು ಕೊಲೆಗಾರನಾಗುವುದು ತಪ್ಪಿತು. ಇದನ್ನು ಮುಪ್ಪಿನಲ್ಲಿ ತನ್ನ ಶಿಷ್ಯನಿಗೆ ಹೇಳಿ ಬರೆಯಿಸಿದವನು ಇಗ್ನೇಷಿಯಸನೇ. ಹೇಸರಗತ್ತೆಯ ಬುದ್ಧಿಯನ್ನು ಹೊಗಳಬೇಕೆಂದು ಬರೆಯಿಸಲಿಲ್ಲ. ತಾನು ಆಗ ಎಷ್ಟು ಕುರುಡನಾಗಿದ್ದೆನೆಂದು ತೋರಿಸುವುದಕ್ಕೆ ಬರೆಯಿಸಿದನು.

ವೆಸ್ಲಿಯ ಕಥೆಯು ಇದಕ್ಕಿಂತ ಸೌಮ್ಯವಾದುದು. ಅಮೆರಿಕದ ಜಾರ್ಜಿಯಾ ಪ್ರಾಂತದಲ್ಲಿ ಪಾದ್ರಿಯಾಗಿದ್ದಾಗ ಅವರು ಒಬ್ಬ ತರುಣಿಯಲ್ಲಿ ಅನುರಕ್ತರಾದರು. ವಿವಾಹವಾಗುವುದೋ ಬೇಡವೋ ಎಂಬುದು ಬಗೆಹರಿಯದೆ 1737ರ ಮಾರ್ಚಿಯಲ್ಲಿ ಸ್ನೇಹಿತನೊಡನೆ ಪ್ರಾರ್ಥಿಸಿ ಮೂರು ಚೀಟಿಗಳನ್ನು ಹಾಕಿದರು. ಮದುವೆಯಾಗು ಎಂಬುದೊಂದು, ಈ ವರ್ಷ ಬೇಡ ಎಂಬುದೊಂದು, ಆ ಯೋಚನೆಯನ್ನೇ ಬಿಡು ಎಂಬುದೊಂದು. ಬಂದುದು ಮೂರನೆಯದು. ಅದರಂತೆ ಬಿಟ್ಟರು. ಆದರೆ ಚೀಟಿಯು ಮನಸ್ಸನ್ನು ಸಮಾಧಾನಪಡಿಸಲಾರದೆ ಹೋಯಿತು. ಆಕೆ ಬೇರೊಬ್ಬನನ್ನು ಮದುವೆಯಾದ ಮೇಲೆ ವೆಸ್ಲಿ ಆಕೆಗೆ ಪ್ರಭುಭೋಜನದ ಸಂಸ್ಕಾರವನ್ನು ನಿರಾಕರಿಸಿದರು, ವ್ಯಾಜ್ಯ ಹುಟ್ಟಿತು, ವರ್ಷದ ಕಡೆಯಲ್ಲಿ ಆ ದೇಶವನ್ನೇ ಬಿಟ್ಟು ಹಿಂದಿರುಗಬೇಕಾಯಿತು.

ಇವರಿಬ್ಬರ ಹಿರಿಮೆಯಿರುವುದು ಅಲ್ಲಿಯೇ ನಿಲ್ಲದೆ ಹೋದುದರಲ್ಲಿ. ಇಗ್ನೇಷಿಯಸನು ಕಾಲು ಮುರಿದು ಹಾಸಿಗೆ ಹಿಡಿದಿದ್ದಾಗಲೇ ಒಂದು ಸೂಕ್ಷ್ಮವನ್ನು ಗಮನಿಸಿದ್ದನು. ರಾಜಸಭೆ, ಶೌರ್ಯ, ಸುಂದರಿಯರ ಮೆಚ್ಚುಗೆ, ಇವುಗಳ ಕನಸು ಆ ಹೊತ್ತಿಗೆ ಸವಿಯಾಗಿ, ಮುಗಿದ ಮೇಲೆ ಮನಸ್ಸನ್ನು ಬರಿದು ಮಾಡುತ್ತಿತ್ತು. ಸಾಧುಸಂತರಂತೆ ಬಾಳುವ ಯೋಚನೆಯಾದರೋ ಮುಗಿದ ಮೇಲೆಯೂ ತಂಪನ್ನು ಉಳಿಸುತ್ತಿತ್ತು. ನಾಲಿಗೆಯ ರುಚಿ ಬೇರೆ, ಉಂಡ ಮೇಲೆ ಹೊಟ್ಟೆಯಲ್ಲಿ ಉಳಿಯುವ ಗುಣ ಬೇರೆ. ಕಠೋಪನಿಷತ್ತಿನಲ್ಲಿ ಪ್ರೇಯಸ್ಸು ಶ್ರೇಯಸ್ಸುಗಳೆಂದು ಯಮನು ಬಿಡಿಸಿ ಹೇಳಿದ್ದನ್ನು ಈ ಯೋಧನು ತನ್ನ ಹಾಸಿಗೆಯಲ್ಲಿ ತಾನೇ ಕಂಡುಕೊಂಡನು. ಮುಂದೆ ಮಾನ್ರೇಸಾ ಎಂಬ ಊರಿನಲ್ಲಿ ತಪಸ್ಸಿನಂತೆ ಕೆಲವು ತಿಂಗಳು ಕಳೆದು, ಈ ಅನುಭವವನ್ನು ಪಕ್ವಗೊಳಿಸಿ, ‘ಆತ್ಮಸಾಧನೆಗಳು’ ಎಂಬ ಚಿಕ್ಕ ಗ್ರಂಥವನ್ನು ಬರೆಯತೊಡಗಿದನು. ಅದಕ್ಕೆ 1548ರಲ್ಲಿ ಪೋಪರ ಒಪ್ಪಿಗೆ ದೊರೆಯಿತು.

ಅದರಲ್ಲಿ ನಿರ್ಧಾರಕ್ಕೆಂದು ಹೇಳಿರುವ ಉಪಾಯಗಳು ಗೃಹಸ್ಥರಿಗೂ ಉಪಯುಕ್ತವಾದವು. ಮೊದಲನೆಯದಾಗಿ, ಮನಸ್ಸು ಕಲಕಿ ಕತ್ತಲಾಗಿರುವಾಗ ಹಿಂದಿನ ನಿಶ್ಚಯವನ್ನು ಬದಲಿಸಬಾರದು. ಕೆಸರು ತಳಕ್ಕಿಳಿಯುವ ತನಕ ಕಾಯಬೇಕು. ಎರಡನೆಯದಾಗಿ, ತಕ್ಕಡಿಯ ಮುಳ್ಳಿನಂತೆ ಎರಡೂ ಕಡೆಗೆ ಸಮನಾಗಿ ನಿಲ್ಲುವ ವರವನ್ನು ದೇವರಲ್ಲಿ ಮೊದಲು ಬೇಡಬೇಕು. ಒಂದು ಕಡೆಗೆ ಆಗಲೇ ವಾಲಿರುವ ಮನಸ್ಸು ಕೇಳುವುದು ದಾರಿಯನ್ನಲ್ಲ, ತನ್ನ ಇಷ್ಟಕ್ಕೆ ರುಜುವನ್ನು. ಮೂರನೆಯದಾಗಿ, ತಾನು ಹಿಂದೆಂದೂ ಕಾಣದ ಒಬ್ಬ ಮನುಷ್ಯನು ಇದೇ ತೊಡಕನ್ನು ತಂದು ಸಲಹೆ ಕೇಳಿದರೆ ಏನು ಹೇಳುವೆನೆಂದು ಯೋಚಿಸಿ, ಆ ಸಲಹೆಯನ್ನು ತಾನೇ ಪಾಲಿಸಬೇಕು. ನಾಲ್ಕನೆಯದಾಗಿ, ಮರಣಕಾಲದಲ್ಲಿ ಹಿಂದಿರುಗಿ ನೋಡಿದರೆ ಯಾವುದನ್ನು ಮಾಡಿರಬೇಕಾಗಿತ್ತೆಂದು ಅನ್ನಿಸುವುದೋ ಅದನ್ನು ಈಗ ಮಾಡಬೇಕು. ಇದಲ್ಲದೆ ಪ್ರತಿದಿನವೂ ದಿನಚರಿಯನ್ನು ದೇವರ ಮುಂದೆ ಒಮ್ಮೆ ತಿರುವಿ ನೋಡಬೇಕು. ಹೂವು ಬೀಳುವುದನ್ನು ಕಾಯುವುದಕ್ಕೂ ಇದಕ್ಕೂ ಎಷ್ಟು ಅಂತರವೆಂಬುದು ವಾಚಕರಿಗೆ ತಾನಾಗಿಯೇ ತಿಳಿಯುವುದು.

ವೆಸ್ಲಿಯವರೂ ಮುಂದೆ ಒಂದು ಉಪದೇಶದಲ್ಲಿ, ಕನಸು ದರ್ಶನಗಳ ಮೂಲಕ ದೇವರು ಪ್ರತಿಯೊಂದು ಚಿಕ್ಕ ವಿಷಯಕ್ಕೂ ಅಪ್ಪಣೆ ಕೊಡುವನೆಂದು ಕಾದು ಕುಳಿತವರನ್ನು ಎಚ್ಚರಿಸಿದ್ದಾರೆ. ಅವರು ಅಲ್ಲಿ ತೆಗೆದುಕೊಂಡ ಉದಾಹರಣೆಗಳು ಎರಡು: ಮದುವೆಯಾಗುವುದೇ ಬಿಡುವುದೇ, ಹೊಸ ವ್ಯವಹಾರವನ್ನು ಹಿಡಿಯುವುದೇ ಬಿಡುವುದೇ. ಮನುಷ್ಯನು ಒಳ್ಳೆಯವನಾಗಬೇಕು, ಒಳ್ಳೆಯದನ್ನು ಮಾಡಬೇಕು. ಇದು ದೇವರ ಚಿತ್ತವೆಂದು ಶಾಸ್ತ್ರದಲ್ಲಿ ಸ್ಪಷ್ಟವಾಗಿದೆ. ಹಾಗಾದರೆ ಎರಡರಲ್ಲಿ ಯಾವ ಸ್ಥಿತಿಯಲ್ಲಿ ನಾನು ಹೆಚ್ಚು ಒಳ್ಳೆಯದನ್ನು ಮಾಡಬಲ್ಲೆನೆಂದು ಅನುಭವದಿಂದಲೂ ಬುದ್ಧಿಯಿಂದಲೂ ವಿಚಾರಿಸಬೇಕು. ವಿಚಾರಿಸುವಾಗ ದೇವರ ಆತ್ಮವು ಸಹಾಯ ಮಾಡುವುದು. ಇದು ಅವರ ಅಭಿಪ್ರಾಯದ ಸಾರ. ಚೀಟಿ ಎತ್ತಿದ ಕೈಯಿಂದಲೇ ಇದೂ ಬಂದುದರಿಂದ ಈ ಮಾತಿಗೆ ತೂಕ ಹೆಚ್ಚು.

ಪುಸ್ತಕದ ವಿಷಯ ಇಷ್ಟು ಸಾಕು. ಇದು ನಮ್ಮ ಕರಿನೆಲದಲ್ಲಿ ಹೇಗೆ ಬೇರೂರಿದೆಯೆಂಬುದಕ್ಕೆ ನಾನು ಬಲ್ಲ ನಿದರ್ಶನವೊಂದನ್ನು ಹೇಳುವೆನು.

ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಒಂದು ಹಳ್ಳಿಯಲ್ಲಿ ನನ್ನ ಶಿಷ್ಯನೊಬ್ಬನಿದ್ದಾನೆ. ಮೆಥೋಡಿಸ್ಟ್ ಸಭೆಗೆ ಸೇರಿದವನು. ತನ್ನ ಎರಡು ಎಕರೆಯನ್ನೂ ತೀರಿಕೊಂಡ ಅಣ್ಣನ ಪಾಲಿನ ಎರಡು ಎಕರೆಯನ್ನೂ ಕೂಡಿಯೇ ಸಾಗುವಳಿ ಮಾಡುವನು. ಅತ್ತಿಗೆಯೂ ಆಕೆಯ ಮಗನೂ ಅದೇ ಮನೆಯಲ್ಲಿದ್ದಾರೆ. ಕೆಳಭಾಗದ ರೈತರ ಪಾಡು ನಮ್ಮ ಕಡೆಯವರಿಗೆ ಗೊತ್ತಿದ್ದುದೇ. ಕಾಗದದ ಮೇಲೆ ನೀರುಂಟು; ಕಾಲುವೆಯಲ್ಲಿ ಬಂದರೆ ಬಂದಿತು, ಇಲ್ಲವಾದರೆ ಇಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ನೀರು ಹೊಳೆಗೆ ಹರಿಯತೊಡಗಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕವಾದ ಉಕ್ಕಿನ ತಡೆಗಳನ್ನು ಇಳಿಸಿ ಮುಚ್ಚುವುದಕ್ಕೆ ಸುಮಾರು ಒಂದು ವಾರ ಹಿಡಿಯಿತು. ಸಿಂಧನೂರು ಮಾನ್ವಿಗಳ ಕಡೆ ಆ ವಾರ ಯಾರಿಗೂ ಸರಿಯಾಗಿ ನಿದ್ರೆಯಿರಲಿಲ್ಲ. ನನ್ನ ಶಿಷ್ಯನ ಭತ್ತದ ಸಸಿಮಡಿ ನಾಟಿಗೆ ಸಿದ್ಧವಾಗಿತ್ತು. ನಾಟಿಯ ಆಳು, ಗೊಬ್ಬರ, ಟ್ರ್ಯಾಕ್ಟರು, ಇವುಗಳಿಗೆ ಹಣ ಬೇಕು; ಹಣಕ್ಕೆ ಮನೆಯಲ್ಲಿದ್ದುದು ಅತ್ತಿಗೆಯ ಬಂಗಾರ ಮಾತ್ರ. ಆಕೆಯೇ ತಂದು ಮುಂದಿಟ್ಟಿದ್ದಳು. ಮಗನ ಓದಿಗೆಂದು ಆಕೆ ಕಾಪಾಡಿಕೊಂಡು ಬಂದ ಬಂಗಾರವದು. ಒತ್ತೆಯಿಟ್ಟು ನಾಟಿ ಮಾಡುವುದೊಂದು ದಾರಿ. ಭತ್ತವನ್ನು ಬಿಟ್ಟು, ನೆಲದ ಹಸಿಯನ್ನು ನಂಬಿ, ಹಿಂಗಾರಿಗೆ ಜೋಳ ಕಡಲೆ ಬಿತ್ತುವುದು ಇನ್ನೊಂದು ದಾರಿ. ಮೊದಲನೆಯದರಲ್ಲಿ ಲಾಭ ಹೆಚ್ಚು, ಗಂಡಾಂತರವೂ ಹೆಚ್ಚು.

ಮೂರು ರಾತ್ರಿ ಅವನು ಮನೆಯವರನ್ನೆಲ್ಲ ಕೂರಿಸಿಕೊಂಡು ಪ್ರಾರ್ಥನೆ ಮಾಡಿದನಂತೆ. ಶಾಸ್ತ್ರದ ಒಂದು ಭಾಗವನ್ನು ಓದುವುದು, ಸಂಗತಿಯನ್ನು ದೇವರಿಗೆ ಹೇಳುವುದು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು. ನಾಲ್ಕನೆಯ ದಿನ ಬಂಗಾರವನ್ನು ಅತ್ತಿಗೆಯ ಕೈಗೆ ತಿರುಗಿ ಕೊಟ್ಟನು. ಸಸಿಯನ್ನು ಮೇಲ್ಭಾಗದ ನೆಂಟರಿಗೆ ಕೊಟ್ಟುಬಿಟ್ಟನು.

ಮುಂದೆ ನಡೆದುದನ್ನು ಮರೆಮಾಚಿದರೆ ಈ ನಿದರ್ಶನಕ್ಕೆ ಬೆಲೆಯಿಲ್ಲ. ಆ ವರ್ಷದ ಮಳೆ ಕೈಬಿಡಲಿಲ್ಲ. ಜಲಾಶಯವು ಮತ್ತೆ ತುಂಬುತ್ತ ಬಂದಿತು. ಧೈರ್ಯ ಮಾಡಿ ನಾಟಿ ಮಾಡಿದ ಅವನ ನೆರೆಹೊಲದವರಿಗೆ ಭತ್ತ ಕೈಗೆ ಬಂದಿತು. ಅವನಿಗೆ ಜೋಳ ಕಡಲೆಗಳಿಂದ ಊಟಕ್ಕೆ ಸಾಕಾಗಿ ಸ್ವಲ್ಪ ಉಳಿಯಿತು, ಅಷ್ಟೇ. ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಅವನು ಸೋತನು. ರಾಯಚೂರಿಗೆ ಬಂದಾಗ ನನ್ನನ್ನು ಕಾಣಲು ಬಂದವನನ್ನು ನಾನು ಸ್ವಲ್ಪ ಕೆಣಕಿಯೇ ಕೇಳಿದೆನು: “ಏನಪ್ಪಾ, ನಿಮ್ಮ ದೇವರಿಗೆ ಜಲಾಶಯ ತುಂಬುವುದು ಮೊದಲೇ ಗೊತ್ತಿರಲಿಲ್ಲವೇ?”

ಅವನು ಸಿಟ್ಟಾಗಲಿಲ್ಲ. “ನೀರು ಬರ್ತೈತೋ ಇಲ್ಲೋ ಅಂತ ನಾನು ಕೇಳಲಿಲ್ರಿ ಮಾಸ್ತರ್ರೆ. ನಾನೇನು ಮಾಡ್ಬೇಕು ಅಂತ ಕೇಳಿದೆ. ಮೂರು ದಿನ ಕುಂತ್ರೂ ನೀರಿನ ಸುದ್ದಿ ಒಂದೂ ಬರಲಿಲ್ಲ. ಆ ಹುಡುಗನ ಮಖಾನೇ ಬಂತು. ಬಂಗಾರ ಯಾರದು ಅನ್ನೋದು ಬಂತು,” ಎಂದನು.

ಈ ಉತ್ತರವನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ಶಕುನವು ಫಲವನ್ನು ಕುರಿತದ್ದು. ಮುಂದೆ ಏನಾಗುವುದೆಂದು ಅದನ್ನು ಕೇಳುವರು. ದಾರಿಯನ್ನು ಬೇಡುವ ಪ್ರಾರ್ಥನೆಯು ಕರ್ತವ್ಯವನ್ನು ಕುರಿತದ್ದು. ಮುಂದೆ ಏನಾದರೂ ಆಗಲಿ, ಈಗ ನನ್ನಿಂದ ಏನಾಗಬೇಕೆಂದು ಅದು ಕೇಳುವುದು. ಫಲ ಚೆನ್ನಾಗಿ ಬಂದಿತೆಂಬುದರಿಂದ ಪ್ರಾರ್ಥನೆ ನಿಜವಾಯಿತೆಂದೂ, ಫಲ ಕೆಟ್ಟಿತೆಂಬುದರಿಂದ ಸುಳ್ಳಾಯಿತೆಂದೂ ಹೇಳುವಂತಿಲ್ಲ. ಯೇಸುಸ್ವಾಮಿಯೇ ಗೆತ್ಸೆಮನೆಯ ತೋಟದಲ್ಲಿ, ಸಾಧ್ಯವಾದರೆ ಈ ಕಷ್ಟವು ತಪ್ಪಲೆಂದು ಬೇಡಿ, ಆದರೂ ತನ್ನ ಇಷ್ಟದಂತಾಗದೆ ತಂದೆಯ ಇಷ್ಟದಂತಾಗಲೆಂದು ಮುಗಿಸಿದರಷ್ಟೆ. ಕಷ್ಟವು ತಪ್ಪಲಿಲ್ಲ, ಎದ್ದು ಅದನ್ನು ಎದುರಿಸುವ ಸ್ಥೈರ್ಯ ದೊರೆಯಿತು. ಆ ರಾತ್ರಿಯ ಪ್ರಾರ್ಥನೆ ವಿಫಲವಾಯಿತೆಂದು ಕ್ರೈಸ್ತರು ಯಾರೂ ಹೇಳರು. ಕರ್ಮದಲ್ಲಿ ಅಧಿಕಾರ, ಫಲದಲ್ಲಿಲ್ಲ ಎಂಬುದನ್ನು ಓದಿ ಓದಿಸಿದ ನನಗೆ ಅದರ ಅರ್ಥವನ್ನು ನಾಲ್ಕು ಎಕರೆ ನೆಲದ ಮೇಲೆ ತೋರಿಸಿದವನು ನನ್ನ ಶಿಷ್ಯ.

ಆದರೆ ಈ ವಿಷಯದಲ್ಲಿ ಒಂದು ಅಪಾಯವೂ ಉಂಟು. ಅದನ್ನು ಹೇಳದಿದ್ದರೆ ಅರ್ಧ ಸತ್ಯವನ್ನು ಹೇಳಿದಂತಾಗುವುದು. “ದೇವರು ನನಗೆ ಹೇಳಿದನು” ಎಂಬ ಮಾತಿಗೆ ಎದುರುತ್ತರವಿಲ್ಲ. ಅದನ್ನು ಆಡಿದವನು ವಿಚಾರದ ಬಾಗಿಲನ್ನು ಹಾಕಿಬಿಟ್ಟಂತೆ. ತನ್ನ ಆಸೆಗೂ ಅಧಿಕಾರಕ್ಕೂ ದೇವರ ಹೆಸರನ್ನು ಮುದ್ರೆಯೊತ್ತುವವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ರಾಯಚೂರಿನಲ್ಲಿ ನಮ್ಮ ಓಣಿಯಲ್ಲಿ ದಾದಿಯ ಕೆಲಸದಿಂದ ನಿವೃತ್ತರಾದ ಒಬ್ಬ ಕ್ರೈಸ್ತ ವಿಧವೆಯಿದ್ದಾರೆ. ಒಮ್ಮೆ ಅವರ ಪರಿಚಯದ ಹಿರಿಯರೊಬ್ಬರು ಬಂದು, “ನಿಮ್ಮ ಮಗಳನ್ನು ನಮ್ಮ ಹುಡುಗನಿಗೆ ತರಬೇಕೆಂದು ಪ್ರಾರ್ಥನೆಯಲ್ಲಿ ನನಗೆ ಅಪ್ಪಣೆಯಾಗಿದೆ” ಎಂದರಂತೆ. ಈ ತಾಯಿ ಅವರಿಗೆ ಚಹಾ ಕೊಟ್ಟು, “ಬಹಳ ಸಂತೋಷರೀ ಅಣ್ಣಾರ. ದೇವರಿಗೆ ನನ್ನ ಮಗಳ ಹೆಸರೂ ಗೊತ್ತದ. ಆಕಿಗೂ ಹೇಳಲಿ, ಕಾಯೋಣ,” ಎಂದು ಕಳುಹಿಸಿದರು. ಮಗಳಿಗೆ ಅಂತಹ ಅಪ್ಪಣೆ ಬರಲಿಲ್ಲ, ಸಂಬಂಧ ಆಗಲಿಲ್ಲ. ಈ ತಾಯಿಯ ಮಾತಿನಲ್ಲಿ ವಿನೋದವಿದ್ದಂತೆ ವಿವೇಕವೂ ಇದೆ. ದೇವರ ಪ್ರೇರಣೆಯೆಂದು ಹೇಳಿಕೊಳ್ಳುವುದನ್ನು ಪರೀಕ್ಷಿಸಿಯೇ ನಂಬಬೇಕೆಂದು ಅವರ ಶಾಸ್ತ್ರದಲ್ಲಿಯೇ ವಿಧಿಸಿದೆ. ಭಾರವನ್ನು ಹೊರಬೇಕಾದವರು ಒಬ್ಬರು, ಅಪ್ಪಣೆ ಬರುವುದು ಇನ್ನೊಬ್ಬರಿಗೆ, ಎಂದಾದರೆ ಸಂಶಯಪಡುವುದೇ ಧರ್ಮ. ನನ್ನ ಶಿಷ್ಯನಿಗೆ ಬಂದ ಉತ್ತರವು ಅವನ ಲಾಭವನ್ನೇ ಕಡಿಮೆ ಮಾಡಿತೆಂಬುದನ್ನು ಇಲ್ಲಿ ನೆನೆಯಬೇಕು.

ಹಾಗೆಂದು ಒಬ್ಬನೇ ಕೋಣೆಯಲ್ಲಿ ಕುಳಿತು ಎಲ್ಲವನ್ನೂ ತಿಳಿದುಕೊಳ್ಳಬಹುದೆಂದೂ ಅಲ್ಲ. ದಾರಿ ತೋರುವ ಮಾತು ಅನೇಕ ವೇಳೆ ಇನ್ನೊಬ್ಬರ ಬಾಯಿಂದಲೇ ಬರುವುದು. ಪೌಲನು ದಮಸ್ಕದ ದಾರಿಯಲ್ಲಿ ಮಹಾಪ್ರಕಾಶವನ್ನು ಕಂಡು ಕಣ್ಣು ಕಾಣದಂತಾಗಿ ಬಿದ್ದಾಗಲೂ, ಮಾಡಬೇಕಾದುದನ್ನು ಅಲ್ಲಿಯೇ ಹೇಳಲಿಲ್ಲ. ಊರೊಳಗೆ ಹೋಗು, ಅಲ್ಲಿ ತಿಳಿಸಲ್ಪಡುವುದು ಎಂಬಷ್ಟೇ ಅಪ್ಪಣೆ. ಮಹಾಪಂಡಿತನಾದ ಅವನು ಪರರ ಕೈಹಿಡಿದು ನಡೆದು, ಅನನೀಯನೆಂಬ ಸಾಮಾನ್ಯ ಭಕ್ತನಿಗಾಗಿ ಕಾಯಬೇಕಾಯಿತು. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಮಾನ್ವಿಯ ಜಗನ್ನಾಥದಾಸರ ನೆನಪಾಗುತ್ತದೆ. ಸಂಸ್ಕೃತದಲ್ಲಿ ಘನಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಉಪೇಕ್ಷಿಸಿ, ಹೊಟ್ಟೆನೋವಿನಿಂದ ಬಳಲಿ, ಕಡೆಗೆ ಅವರ ಶಿಷ್ಯರಾದ ಗೋಪಾಲದಾಸರ ಬಳಿಗೆ ಹೋಗಿ ದಾರಿ ಕಂಡರೆಂದು ದಾಸಪರಂಪರೆಯು ಹೇಳುವುದು. ವಿಜಯದಾಸರದು ಚೀಕಲಪರ್ವಿ, ಗೋಪಾಲದಾಸರದು ದೇವದುರ್ಗದ ಕಡೆಯ ಮೊಸರಕಲ್ಲು. ಎಲ್ಲರೂ ನಮ್ಮ ನೆಲದವರೇ. ಆ ಪಂಡಿತರು ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ಕೊಟ್ಟರು. ವಿದ್ಯೆಯು ದಾರಿಯ ನಕ್ಷೆಯನ್ನು ಕೊಡಬಲ್ಲುದು. ತಲೆಬಾಗದವನಿಗೆ ದಾರಿಯು ಕಾಣುವುದಿಲ್ಲ. ಪೌಲನಿಗೂ ದಾಸರಿಗೂ ಈ ಒಂದು ಪಾಠವು ಸಮಾನ.

ದಾರಿಯನ್ನು ಬೇಡುವ ಕ್ರೈಸ್ತರ ಪ್ರಾರ್ಥನೆಯೊಂದು ನಮ್ಮೆಲ್ಲರ ಮನೆಗಳಿಗೂ ಬಂದು ಬಹುಕಾಲವಾಯಿತು. ಅದು ಕ್ರೈಸ್ತರದೆಂಬುದು ಹಾಡುವವರಿಗೇ ಮರೆತುಹೋಗಿದೆ. ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿಯು 1833ರ ಜೂನಿನಲ್ಲಿ, ಸಿಸಿಲಿಯಲ್ಲಿ ತೀವ್ರವಾದ ಜ್ವರದಿಂದ ಎದ್ದು ಊರಿಗೆ ಹಿಂದಿರುಗುತ್ತಿದ್ದಾಗ, ಗಾಳಿಯಿಲ್ಲದೆ ಹಡಗು ಸಮುದ್ರದ ನಡುವೆ ನಿಂತುಬಿಟ್ಟಿದ್ದ ಸಮಯದಲ್ಲಿ ಅದನ್ನು ಬರೆದನು. ಬಿ. ಎಂ. ಶ್ರೀಕಂಠಯ್ಯನವರು ತಮ್ಮ ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಅದನ್ನು ‘ಕರುಣಾಳು, ಬಾ, ಬೆಳಕೆ’ ಎಂದು ಕನ್ನಡಕ್ಕೆ ತಂದರು. ದೇವದುರ್ಗದ ಶಾಲೆಯ ಅಂಗಳದಲ್ಲಿ ಲಿಂಗಾಯತರ ಮಕ್ಕಳೂ ಮುಸಲ್ಮಾನರ ಮಕ್ಕಳೂ ಅದನ್ನು ಬೆಳಗಿನ ಪ್ರಾರ್ಥನೆಯಾಗಿ ಹಾಡಿದ್ದನ್ನು ನಾನು ಎಷ್ಟೋ ವರ್ಷ ಕೇಳಿದ್ದೇನೆ. ದೂರದ ದೃಶ್ಯವನ್ನು ಕಾಣಬೇಕೆಂಬ ಹಟ ಆ ಗೀತದಲ್ಲಿಲ್ಲ. ಮುಂದಿನ ಹೆಜ್ಜೆಗೆ ಬೆಳಕಿದ್ದರೆ ಸಾಕೆಂಬುದೇ ಅದರ ಜೀವ. ಅದನ್ನು ಬರೆದಾಗ ನ್ಯೂಮನ್ನನು ಇಂಗ್ಲೆಂಡಿನ ಸಭೆಯವನು. ಹನ್ನೆರಡು ವರ್ಷಗಳ ಮೇಲೆ, 1845ರಲ್ಲಿ, ಸ್ನೇಹಿತರನ್ನೂ ಸ್ಥಾನವನ್ನೂ ತೊರೆದು ರೋಮಿನ ಸಭೆಯನ್ನು ಸೇರಿದನು. ಆ ದೂರವನ್ನು ಹಡಗಿನಲ್ಲಿಯೇ ತೋರಿಸಿದ್ದರೆ ಅವನು ಬೆಚ್ಚಿ ನಿಲ್ಲುತ್ತಿದ್ದನೇನೋ. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವವನ ಕೈಯ ಕಂದೀಲು ಎರಡು ಮಾರು ಬದುವನ್ನು ಮಾತ್ರ ಬೆಳಗಿಸುವುದು. ಅವನು ನಡೆದಂತೆ ಅದೂ ಮುಂದೆ ನಡೆಯುವುದು. ನಿಂತಲ್ಲಿಯೇ ನಿಂತವನಿಗೆ ಅದೇ ಎರಡು ಮಾರು.

ಇಷ್ಟನ್ನೂ ಪರರ ಮಾತಾಗಿ ಹೇಳಿ ಮುಗಿಸುವುದು ಉಚಿತವಲ್ಲವಾದುದರಿಂದ ನನ್ನದೊಂದನ್ನು ಸೇರಿಸುತ್ತೇನೆ. ನನ್ನ ಧರ್ಮಪತ್ನಿಯು ತೀರಿಕೊಂಡ ಮೇಲೆ ಮಗನು ಈ ಮನೆಯನ್ನು ಮಾರಿ ಬೆಂಗಳೂರಿಗೆ ಬಂದುಬಿಡಿರೆಂದು ಒತ್ತಾಯಿಸುತ್ತಿದ್ದಾನೆ. ಅವನ ಪ್ರೀತಿಯಲ್ಲಿ ಸಂದೇಹವಿಲ್ಲ. ಇಲ್ಲಿಯ ಬಿಸಿಲು, ಈ ಭಾಷೆ, ಸಂಜೆ ಪಾಠಕ್ಕೆ ಬರುವ ನಾಲ್ಕು ಮಕ್ಕಳು, ಇವು ಒಂದು ತಟ್ಟೆಯಲ್ಲಿ. ಅಲ್ಲಿಯ ಮೊಮ್ಮಗಳು, ಏರುತ್ತಿರುವ ನನ್ನ ವಯಸ್ಸು, ದೂರದಿಂದ ಮಗನು ಪಡುವ ಆತಂಕ, ಇವು ಇನ್ನೊಂದು ತಟ್ಟೆಯಲ್ಲಿ. ಪಂಚಾಂಗವು ನನ್ನ ಕೈಯಲ್ಲಿಯೇ ಇದೆ, ಅದನ್ನು ತೆರೆದಿಲ್ಲ. ಬೆಳಗಿನ ಸಂಧ್ಯಾವಂದನೆಯಲ್ಲಿ ಬುದ್ಧಿಯನ್ನು ಪ್ರೇರಿಸೆಂದು ಕೇಳುವ ಮಂತ್ರವನ್ನು ಮುಗಿಸಿ, ಈಗ ಕೆಲವು ತಿಂಗಳುಗಳಿಂದ ನನ್ನ ಕ್ರೈಸ್ತ ನೆರೆಯವರಂತೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಎಲ್ಲಿ ನನಗೆ ಸುಖ ಎಂಬ ಪ್ರಶ್ನೆಯು ಮೊದಲು ಎದ್ದು ಬರುವುದು. ಅದು ಕುಳಿತ ಮೇಲೆ, ಎಲ್ಲಿ ನನ್ನಿಂದ ಯಾರಿಗೆ ಉಪಯೋಗ ಎಂಬುದು ಮೆಲ್ಲನೆ ಬರುವುದು. ಉತ್ತರವು ಇನ್ನೂ ಬಂದಿಲ್ಲ. ಬಂದಾಗ ಅದು ನನಗೆ ಹಿತವಾಗಿಯೇ ಇರುವುದೆಂಬ ನಂಬಿಕೆಯೂ ಇಲ್ಲ. ಆದರೆ ಪ್ರಶ್ನೆಯು ಶುದ್ಧವಾಗುತ್ತ ಬರುತ್ತಿದೆಯೆಂಬುದು ತಿಳಿಯುತ್ತಿದೆ. ಪ್ರಾರ್ಥನೆಯ ಮೊದಲನೆಯ ಕೊಡುಗೆಯು ಇದೇ ಎಂದು ನನಗೆ ತೋರುತ್ತದೆ. ಮೊನ್ನೆ ಮಗನಿಗೆ ಫೋನಿನಲ್ಲಿ, “ದೀಪಾವಳಿಗೆ ಬಂದು ಒಂದು ತಿಂಗಳು ಇದ್ದು ನೋಡುವೆನಪ್ಪ, ಮುಂದಿನದು ಆಮೇಲೆ,” ಎಂದು ಹೇಳಿದ್ದೇನೆ. ಸದ್ಯಕ್ಕೆ ಕಂಡಿರುವುದು ಅಷ್ಟು ದಾರಿ.